ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಆಘಾತ: ಮುಂದಿನ ದಿನಗಳನ್ನು ದಾಟುವುದು ಹೇಗೆ?

ಸ್ಕ್ಯಾನಿಂಗ್ ಕೋಣೆಯಲ್ಲಿ ವೈದ್ಯರು ಹೆಚ್ಚು ಮಾತನಾಡುವುದಿಲ್ಲ. ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಫಲಕ ಗೋಡೆಯ ಮೇಲಿರುತ್ತದೆ. ಅದರ ಕೆಳಗಿನ ಮೌನಕ್ಕೆ ನಾವೆಲ್ಲ ಒಗ್ಗಿಹೋಗಿದ್ದೇವೆ. ಹಾಗಾಗಿ ನನ್ನ ಚಿಕ್ಕಮ್ಮನ ಮಗಳಿಗೆ 19ನೇ ವಾರದ ಅನಾಮಲಿ ಸ್ಕ್ಯಾನ್ (ಮಗುವಿನ ಅಂಗಗಳಲ್ಲಿ ದೋಷವಿದೆಯೇ ಎಂದು ನೋಡುವ ಸ್ಕ್ಯಾನ್) ನಡೆಯುವಾಗ ಮೊದಲಿಗೆ ಅನುಮಾನವೇ ಬರಲಿಲ್ಲ. ‘ಸ್ವಲ್ಪ ಓಡಾಡಿ, ನೀರು ಕುಡಿದು ಬನ್ನಿ’ ಎಂದು ವೈದ್ಯೆ ಎರಡನೇ ಸಲ ಹೇಳಿದಾಗ, ಹೊಟ್ಟೆಗೆ ಹಚ್ಚಿದ ಜೆಲ್ ಒರೆಸಿಕೊಳ್ಳುತ್ತಾ ಅವಳು ನನ್ನ ಮುಖ ನೋಡಿದಳು.

ಮಗುವಿನ ಎರಡೂ ಮೂತ್ರಪಿಂಡಗಳು ಮೂಡಿರಲೇ ಇಲ್ಲ. ಗರ್ಭದ ನೀರು ಬತ್ತಿಹೋಗಿತ್ತು.

‘12ನೇ ವಾರದಲ್ಲಿ ಎಲ್ಲ ಸರಿ ಇದೆ ಎಂದಿದ್ದರಲ್ಲ ಅಕ್ಕ?’ ಎಂದು ಕೇಳಿದಳು. ಆಗ ಸರಿಯಾಗಿಯೇ ಕಂಡಿರುತ್ತದೆ. ಸುಮಾರು 16ನೇ ವಾರದಿಂದಾಚೆಗೆ ಗರ್ಭದ ನೀರಿನ ಬಹುಪಾಲು ಮಗುವಿನ ಮೂತ್ರವೇ. ಮೂತ್ರಪಿಂಡ ಇಲ್ಲವೆಂಬುದು ನೀರು ಬತ್ತಿದ ಮೇಲೆಯೇ ಎದ್ದು ಕಾಣುತ್ತದೆ. ನೀರಿಲ್ಲದೆ ಶ್ವಾಸಕೋಶವೂ ಬೆಳೆಯುವುದಿಲ್ಲ. ಇಂಥ ಮಗು ಹುಟ್ಟಿದರೂ ಬಹುತೇಕ ಉಳಿಯುವುದಿಲ್ಲ.

ಅಂದೇ ತೀರ್ಮಾನ ಬೇಡ

ಆ ಸಂಜೆ ಮಾಡಬೇಕಾದ ಕೆಲಸ ಕಡಿಮೆ. ವರದಿಯ ಪ್ರತಿಯನ್ನೂ ಸ್ಕ್ಯಾನ್ ಚಿತ್ರಗಳನ್ನೂ ಕೇಳಿ ಪಡೆಯಿರಿ. ಜೊತೆಗಿರುವವರು ಒಂದು ಹಾಳೆಯಲ್ಲಿ ನಾಲ್ಕು ಸಂಗತಿ ಬರೆದುಕೊಳ್ಳಲಿ: ಯಾವ ಅಂಗದ ತೊಂದರೆ; ವೈದ್ಯರಿಗೆ ಎಷ್ಟು ಖಚಿತ; ಮಗು ಉಳಿಯದ ತೊಂದರೆಯೋ, ಶಸ್ತ್ರಚಿಕಿತ್ಸೆಯಿಂದ ಸರಿಹೋಗುವಂಥದ್ದೋ, ಜೀವನಪೂರ್ತಿ ಉಳಿಯುವ ಊನವೋ; ಇವತ್ತಿಗೆ ಎಷ್ಟು ವಾರ, ಎಷ್ಟು ದಿನ. ಕೊನೆಯದನ್ನು ದೊಡ್ಡದಾಗಿ ಬರೆಯಿರಿ. ಗರ್ಭಿಣಿ ಇದನ್ನೆಲ್ಲ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರುವುದಿಲ್ಲ. ನಾನೂ ಇರಲಿಲ್ಲ, ಮೊದಲನೆಯದು ಬಿಟ್ಟು ಉಳಿದ ಮೂರನ್ನು ಮರುದಿನ ಫೋನ್ ಮಾಡಿ ಕೇಳಿದೆ.

ವರದಿಯಲ್ಲಿ ‘ಸಾಫ್ಟ್ ಮಾರ್ಕರ್’ ಎಂದಷ್ಟೇ ಇದ್ದರೆ ಅದು ಬೇರೆ ಕಥೆ. ಹೃದಯದಲ್ಲಿ ಕಾಣುವ ಬಿಳಿ ಚುಕ್ಕೆಯಂಥವು ರೋಗವಲ್ಲ, ಸುಳಿವು ಮಾತ್ರ. ಅಂಥ ಎಷ್ಟೋ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ.

ಇನ್ನೊಬ್ಬರ ಕಣ್ಣು

ಎರಡು–ಮೂರು ದಿನದೊಳಗೆ ಫೀಟಲ್ ಮೆಡಿಸಿನ್ ತಜ್ಞರಿಂದ, ಅಂದರೆ ಗರ್ಭದಲ್ಲಿರುವ ಮಗುವಿನ ತೊಂದರೆಗಳನ್ನು ನೋಡುವ ವೈದ್ಯರಿಂದ, ಇನ್ನೊಂದು ಸ್ಕ್ಯಾನ್ ಆಗಲಿ. ಹೃದಯದ ತೊಂದರೆಯಾದರೆ ಭ್ರೂಣದ ಎಕೋ (ಹೃದಯದ ಸ್ಕ್ಯಾನ್) ಪರೀಕ್ಷೆ ಬೇಕು. ಕರುಳು ಹೊರಬಂದಿರುವುದು, ಬೆನ್ನುಹುರಿಯ ದೋಷ ಇಂಥವಾದರೆ ಮಕ್ಕಳ ಶಸ್ತ್ರಚಿಕಿತ್ಸಕರನ್ನೂ ಕಾಣಿ. ಹುಟ್ಟಿದ ಮೇಲಿನ ಬದುಕು ಹೇಗಿರುತ್ತದೆಂದು ಅವರು ನೋಡಿರುತ್ತಾರೆ, ಸ್ಕ್ಯಾನ್ ಮಾಡಿದವರು ನೋಡಿರುವುದು ಕಡಿಮೆ. ಕ್ರೋಮೋಸೋಮ್ ದೋಷದ ಅನುಮಾನವಿದ್ದರೆ 15 ವಾರಗಳ ನಂತರ ಗರ್ಭದ ನೀರು ತೆಗೆದು ಪರೀಕ್ಷಿಸುತ್ತಾರೆ. ತ್ವರಿತ ಫಲಿತಾಂಶ ಕೆಲವೇ ದಿನಗಳಲ್ಲಿ ಸಿಗುತ್ತದೆ, ಪೂರ್ಣ ವರದಿಗೆ ಎರಡು–ಮೂರು ವಾರ ಹಿಡಿಯಬಹುದು. ಇಬ್ಬರು ತಜ್ಞರು ಒಂದೇ ಮಾತು ಹೇಳಿದ ಮೇಲೂ ಮೂರನೆಯವರು, ನಾಲ್ಕನೆಯವರು ಎಂದು ಅಲೆಯುವುದನ್ನು ಕಂಡಿದ್ದೇನೆ. ಅದು ಹಣಕ್ಕಿಂತ ಹೆಚ್ಚಾಗಿ ದಿನಗಳನ್ನು ತಿನ್ನುತ್ತದೆ.

ಕಾನೂನಿನ ಲೆಕ್ಕ

ವೈದ್ಯಕೀಯ ಗರ್ಭಪಾತ ಕಾಯ್ದೆ 1971ರದ್ದು, 2021ರಲ್ಲಿ ತಿದ್ದುಪಡಿಯಾಯಿತು. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ, ಭ್ರೂಣಕ್ಕೆ ಗಂಭೀರ ದೋಷವಿರುವವರೂ ಸೇರಿ ಕೆಲವು ವರ್ಗದವರಿಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. 24 ದಾಟಿತೆಂದರೆ ಬಾಗಿಲು ಮುಚ್ಚಿತು ಎಂದು ಈಗಲೂ ಹಲವರು ತಿಳಿದಿದ್ದಾರೆ, ಹಾಗಿಲ್ಲ. ಗಂಭೀರ ದೋಷವಿದೆಯೆಂದು ವೈದ್ಯಕೀಯ ಮಂಡಳಿ ಖಚಿತಪಡಿಸಿದರೆ ವಾರಗಳ ಮಿತಿ ಅನ್ವಯಿಸುವುದಿಲ್ಲ. ಅರ್ಜಿ ಬಂದ ಮೂರು ದಿನದೊಳಗೆ ಮಂಡಳಿ ಅಭಿಪ್ರಾಯ ಕೊಡಬೇಕು. ವಯಸ್ಕ ಹೆಣ್ಣಿನ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಕಾನೂನಿಗೆ ಬೇಕಿಲ್ಲ.

ಗರ್ಭ ಮುಂದುವರಿಸುವುದೂ ಒಂದು ದಾರಿಯೇ. ಆ ದಾರಿ ಹಿಡಿದವರು ಹೆರಿಗೆಗೆ ಮೊದಲೇ ಮಕ್ಕಳ ವೈದ್ಯರೊಂದಿಗೆ ಕುಳಿತು ಮಾತನಾಡಲಿ: ವೆಂಟಿಲೇಟರ್ ಬೇಕೇ, ಮಗುವಿಗೆ ನೋವಾಗದಂತೆ ಏನು ಮಾಡುತ್ತಾರೆ, ಎಷ್ಟು ಹೊತ್ತು ತಾಯಿಯ ಎದೆಯ ಮೇಲೆ ಮಲಗಿಸಬಹುದು. ಯಾವ ದಾರಿ ಸರಿ ಎಂದು ಹೇಳುವವರು ಬಹಳ ಸಿಗುತ್ತಾರೆ, ನಡೆಯಬೇಕಾದವಳು ಮಾತ್ರ ಒಬ್ಬಳೇ.

ಮನೆಯಲ್ಲಿ ಹೇಳುವುದು

ನಮ್ಮ ಮನೆಯಲ್ಲಿ ಏಳನೇ ತಿಂಗಳ ಸೀಮಂತಕ್ಕೆಂದು ಹಸಿರು ಸೀರೆ ಆಗಲೇ ಬಂದಿತ್ತು. ಸುದ್ದಿ ತಿಳಿದ ಗಳಿಗೆಯಿಂದ ಕಾರಣಗಳ ಹುಡುಕಾಟ ಶುರುವಾಯಿತು. ಗ್ರಹಣದ ಹೊತ್ತಿನಲ್ಲಿ ತರಕಾರಿ ಹೆಚ್ಚಿದ್ದಳು, ಸ್ಕೂಟರ್ ಓಡಿಸುತ್ತಿದ್ದಳು, ನಾಗದೋಷವಿರಬೇಕು. ಇವು ಯಾವುದರಿಂದಲೂ ಮೂತ್ರಪಿಂಡ ಇಲ್ಲವಾಗುವುದಿಲ್ಲ. ಮೊದಲ ಕೆಲವು ವಾರಗಳಲ್ಲೇ, ಬಸಿರೆಂದು ಮನೆಯವರಿಗೆಲ್ಲ ತಿಳಿಯುವ ಹೊತ್ತಿಗೇ, ಅಂಗಗಳು ಮೂಡತೊಡಗಿರುತ್ತವೆ. ಇದನ್ನು ಅತ್ತೆಯವರಿಗೆ ಸೊಸೆ ವಿವರಿಸುವಂತಾಗಬಾರದು. ಮಗನೋ ವೈದ್ಯರೋ ಹೇಳಲಿ. ನೆಂಟರ ಫೋನ್‌ಗಳಿಗೆಲ್ಲ ಒಬ್ಬರೇ ಉತ್ತರಿಸಲಿ: ‘ಮಗುವಿಗೆ ಉಳಿಯಲಾಗದ ತೊಂದರೆ ಇತ್ತು. ಅವಳು ಮಲಗಿದ್ದಾಳೆ. ಈಗ ಮಾತು ಬೇಡ.’ ನಮ್ಮ ಚಿಕ್ಕಪ್ಪ ಈ ಮೂರು ವಾಕ್ಯವನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದರು.

ತೊಟ್ಟಿಲಿಲ್ಲದ ಬಾಣಂತನ

ಆಸ್ಪತ್ರೆಯಲ್ಲಿ ಮಗುವನ್ನು ನೋಡಬೇಕೇ ಎಂಬ ಪ್ರಶ್ನೆ ಬರುತ್ತದೆ. ‘ತಾಯಿ ನೋಡಬಾರದು’ ಎಂದು ಹಿರಿಯರು ತಡೆಯುವುದುಂಟು. ಅವಳನ್ನೇ ಕೇಳಿ, ಈಗ ಬೇಡವೆಂದರೆ ಒಂದು ಗಂಟೆ ಬಿಟ್ಟು ಇನ್ನೊಮ್ಮೆ ಕೇಳಿ. ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಡಲು ದಾದಿಯರು ಸಾಮಾನ್ಯವಾಗಿ ಒಪ್ಪುತ್ತಾರೆ. ಮುಂದಿನ ಬಸಿರಿನ ದೃಷ್ಟಿಯಿಂದ ಮಗುವಿನ ಶವಪರೀಕ್ಷೆ, ವಂಶವಾಹಿ ಪರೀಕ್ಷೆ ಬೇಕೇ ಎಂಬುದನ್ನು ಹೆರಿಗೆಗೆ ಮೊದಲೇ ನಿರ್ಧರಿಸಿ, ಆಮೇಲೆ ಅವಕಾಶವಿರುವುದಿಲ್ಲ. ತಾಯಿಯದು ನೆಗೆಟಿವ್ ರಕ್ತದ ಗುಂಪಾದರೆ ಮುಂದಿನ ಬಸಿರಿಗೆ ತೊಂದರೆಯಾಗದಂತೆ ಕೊಡುವ ಆಂಟಿ-ಡಿ ಚುಚ್ಚುಮದ್ದಿನ ಬಗ್ಗೆ ಮರೆಯದೆ ಕೇಳಿ.

ಯಾರೂ ಮುಂಚೆ ಹೇಳದ ಸಂಗತಿಯೊಂದಿದೆ: ಎದೆಹಾಲು. ಐದನೇ ತಿಂಗಳಲ್ಲಿ ಮಗು ಹೋದರೂ ಎರಡು–ಮೂರು ದಿನಕ್ಕೆ ಹಾಲು ಇಳಿಯಬಹುದು. ನಮ್ಮವಳು ನಡುರಾತ್ರಿ ಒದ್ದೆಯಾದ ರವಿಕೆ ಹಿಡಿದು ಕೂತಿದ್ದಳು. ಹಾಲು ನಿಲ್ಲಿಸುವ ಮಾತ್ರೆ ಇದೆ, ಡಿಸ್ಚಾರ್ಜ್‌ಗೆ ಮೊದಲೇ ಕೇಳಬೇಕು. ತಣ್ಣನೆಯ ಬಟ್ಟೆ, ಎದೆಗೆ ಆಧಾರ ಕೊಡುವ ಒಳಉಡುಪು ನೆಮ್ಮದಿ ಕೊಡುತ್ತವೆ. ಹಿಂಡಿ ತೆಗೆಯುತ್ತಾ ಹೋದರೆ ಇನ್ನಷ್ಟು ಇಳಿಯುತ್ತದೆ.

ಮಗುವಿಲ್ಲದಿದ್ದರೂ ಅವಳು ಬಾಣಂತಿಯೇ. ಚಿಕ್ಕಮ್ಮ ಅವಳಿಗೆ ಎಣ್ಣೆನೀರು, ಬಿಸಿಯೂಟ, ಮಧ್ಯಾಹ್ನದ ನಿದ್ದೆ ಯಾವುದನ್ನೂ ತಪ್ಪಿಸಲಿಲ್ಲ. ಉದ್ಯೋಗಸ್ಥೆಯಾದರೆ ಹೆರಿಗೆ ಸೌಲಭ್ಯದ ಕಾನೂನಿನ ಪ್ರಕಾರ ಗರ್ಭಪಾತಕ್ಕೂ ಆರು ವಾರಗಳ ಸಂಬಳಸಹಿತ ರಜೆಯಿದೆ. ಆಸ್ಪತ್ರೆಯ ದಾಖಲೆ ಜೋಪಾನವಾಗಿಡಿ. ವಾರಗಳು ಕಳೆದರೂ ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ಇದು ಗಂಡನಿಗೂ ಅನ್ವಯಿಸುತ್ತದೆ.

ಮುಂದಿನ ಬಸಿರಿಗೆ ಮೊದಲು ವಂಶವಾಹಿ ತಜ್ಞರನ್ನು ಕಂಡು ಬನ್ನಿ. ಇಂಥ ಪ್ರಕರಣದಲ್ಲಿ ತಂದೆತಾಯಿಯ ಮೂತ್ರಪಿಂಡಗಳನ್ನೂ ಸ್ಕ್ಯಾನ್ ಮಾಡಿ ನೋಡುತ್ತಾರೆ. ನಾಲ್ಕು ತಿಂಗಳ ಬಳಿಕ ಅವಳ ಸರದಿ ಮುಗಿದ ಮೇಲೆ ಅದೇ ಹಾಸಿಗೆಯಲ್ಲಿ ಅವಳ ಗಂಡ ಮಲಗಿದ. ‘ಎಷ್ಟು ತಣ್ಣಗಿದೆ ಇದು’ ಎಂದು ಬೆಚ್ಚಿದ. ಅವಳು ಟಿಶ್ಯೂ ಹಿಡಿದು ಪಕ್ಕದಲ್ಲಿ ನಿಂತಿದ್ದಳು.