ಉಪ್ಪುನೀರಿನ ಪುಟ್ಟ ಅಕ್ವೇರಿಯಂಗೆ ಎಂಥ ಕಲ್ಲು ಬೇಕು?

ಉಪ್ಪುನೀರಿನ ಅಕ್ವೇರಿಯಂ ಇಡಲು ಹೊರಟವರ ಕಣ್ಣು ಮೊದಲು ಹೋಗುವುದು ಮೀನಿನ ಬಣ್ಣದ ಕಡೆಗೆ. ಆದರೆ ಮೀನು ಬದುಕುವುದೋ ಸಾಯುವುದೋ ಎನ್ನುವುದು ಕಲ್ಲಿನ ಮೇಲೆ ನಿಂತಿದೆ. ಮೀನಿನ ಹೊಲಸು, ತಿನ್ನದೆ ಉಳಿದ ಆಹಾರ ಕೊಳೆತರೆ ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಕಲ್ಲಿನ ಮೇಲೆ ಕೂತ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್ ಮಾಡುತ್ತವೆ. ಕಲ್ಲಿನ ಒಳಗೆ, ಆಮ್ಲಜನಕ ಸರಿಯಾಗಿ ತಲುಪದ ತೂತುಗಳಲ್ಲಿ, ಬೇರೆ ಬ್ಯಾಕ್ಟೀರಿಯಾ ಆ ನೈಟ್ರೇಟನ್ನೂ ಸಾರಜನಕವಾಗಿಸಿ ಹೊರಗೆ ಬಿಡುತ್ತವೆ. ಇಷ್ಟೆಲ್ಲ ಜೀವ ತುಂಬಿರುವುದಕ್ಕೇ ಅದಕ್ಕೆ ಲೈವ್ ರಾಕ್ ಎಂದು ಹೆಸರು.

ಕಾರವಾರ, ಕುಮಟಾ, ಹೊನ್ನಾವರದವರಿಗೆ ತಟ್ಟನೆ ಹೊಳೆಯುವುದು ಒಂದೇ. ಸಮುದ್ರ ಇಲ್ಲೇ ಇದೆಯಲ್ಲ, ಒಂದೆರಡು ಕಲ್ಲು ಎತ್ತಿಕೊಂಡು ಬಂದರಾಯಿತು. ದಯವಿಟ್ಟು ಬೇಡ. ಮುರುಡೇಶ್ವರದ ಎದುರಿನ ನೇತ್ರಾಣಿಯ ಸುತ್ತ ಹವಳಗಳಿವೆ, ನಿಜ. ಆದರೆ ಬಂಡೆ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಗಿದೆ. ಅವನ್ನು ಕೀಳುವುದು, ಮಾರುವುದು ಅಪರಾಧ. ಅಂಗಡಿಯವರು ‘ಇದು ಸತ್ತ ಹವಳ, ಏನೂ ಆಗಲ್ಲ’ ಅಂದರೂ ಕೊಳ್ಳಬೇಡಿ. ಕಾಯ್ದೆ ಬದಿಗಿರಲಿ, ಒಂದು ಹವಳದ ಬಂಡೆ ಬೆಳೆಯಲು ಎಷ್ಟೋ ವರ್ಷ ಬೇಕು. ನಮ್ಮ ಕೋಣೆಯ ಚೆಂದಕ್ಕೆ ಅದನ್ನು ಒಡೆಯುವುದು ಸರಿಯಲ್ಲ, ಅಲ್ವಾ?

ದಡದ ಕಲ್ಲೂ ಆಗುವುದಿಲ್ಲ. ಚಿರೆಕಲ್ಲಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಸುಣ್ಣದ ಅಂಶ ಇಲ್ಲ. ಕಪ್ಪು ಬಂಡೆ ಗಟ್ಟಿ, ಒಳಗೆ ತೂತೇ ಇರುವುದಿಲ್ಲ. ಅದಕ್ಕೆ ಕಚ್ಚಿಕೊಂಡ ಸಿಂಪಿ, ಚಿಪ್ಪುಗಳು ತೊಟ್ಟಿಯಲ್ಲಿ ಸತ್ತು ಕೊಳೆತರೆ ನೀರು ನಾರುತ್ತದೆ.

ಹಾಗಾದರೆ ಯಾವುದು? ಡ್ರೈ ರಾಕ್, ಅಂದರೆ ಜೀವವಿಲ್ಲದ ಒಣ ಕಲ್ಲು ಕೊಳ್ಳಿ. ಅದರಲ್ಲೂ ಅಕ್ವೇರಿಯಂಗೆಂದೇ ಸಿರಾಮಿಕ್ ಅಥವಾ ಸುಣ್ಣದ ಮಿಶ್ರಣದಿಂದ ಮಾಡಿದ ಕಲ್ಲನ್ನೇ ಆರಿಸಿ. ಒಣಗಿರುವುದರಿಂದ ಕೀಟಗಳ ಕಾಟವೂ ಇಲ್ಲ. ಜೀವವನ್ನು ಮನೆಯಲ್ಲೇ ತುಂಬಿಸಬಹುದು.

ಅಂಗಡಿಯಲ್ಲಿ ಕಲ್ಲನ್ನು ಕೈಗೆತ್ತಿಕೊಂಡು ನೋಡಿ. ಗಾತ್ರಕ್ಕೆ ತಕ್ಕಷ್ಟು ಭಾರವಿಲ್ಲದೆ ಹಗುರ ಅನ್ನಿಸಬೇಕು. ಒಡೆದ ಜಾಗ ಇದ್ದರೆ ಹತ್ತಿರದಿಂದ ಗಮನಿಸಿ. ಒಳಗೂ ಬ್ರೆಡ್ಡಿನ ಹಾಗೆ ಸಣ್ಣ ಸಣ್ಣ ತೂತುಗಳಿದ್ದರೆ ಒಳ್ಳೆಯ ಕಲ್ಲು. ಮೇಲೆ ಮಾತ್ರ ತೂತು, ಒಳಗೆ ಗಟ್ಟಿ ಇದ್ದರೆ ಬಿಡಿ. ಸುಣ್ಣದ ಕಲ್ಲೇ ಎಂದು ಹೇಳಿ ಕೊಟ್ಟರೆ ಒಂದು ಚೂರಿನ ಮೇಲೆ ವಿನೆಗರ್ ಹನಿ ಹಾಕಿ. ಬುರುಗು ಎದ್ದರೆ ಮಾತು ನಿಜ. ಸಿರಾಮಿಕ್ ಕಲ್ಲಿನಲ್ಲಿ ಬುರುಗು ಬಾರದಿದ್ದರೆ ಹೆದರಬೇಡಿ. ಸುಲಭಕ್ಕೆ ಉದುರುವ, ಬಣ್ಣ ಬಳಿದ ಕಲ್ಲು ಮಾತ್ರ ಬೇಡ.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ಅದಕ್ಕೆ 4ರಿಂದ 6 ಕಿಲೋ ಕಲ್ಲು ಸಾಕು. ಸಣ್ಣ ತುಂಡುಗಳ ರಾಶಿಗಿಂತ ಎರಡು ದೊಡ್ಡದು, ಮೂರು ಮಧ್ಯಮ ಗಾತ್ರದ್ದು ಚೆನ್ನಾಗಿ ಕೂರುತ್ತವೆ.

ಮನೆಗೆ ತಂದ ಮೇಲೆ ಕಲ್ಲನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, ಕೆಲವು ದಿನ ನೆನೆಹಾಕಿ, ಧೂಳು ಹೋಗುವವರೆಗೆ ನೀರು ಬದಲಿಸಿ. ಸೋಪು ತಾಗಿಸಬೇಡಿ. ತೊಟ್ಟಿಯಲ್ಲಿ ಮರಳು ಹಾಕುವ ಮೊದಲೇ ಕಲ್ಲನ್ನು ತಳದ ಗಾಜಿನ ಮೇಲೆ ಇಡಿ. ಮರಳಿನ ಮೇಲೆ ಇಟ್ಟರೆ ಮೀನು ಅಡಿಯನ್ನು ಕೆದಕಿದಾಗ ಕಲ್ಲು ಉರುಳಿ ಗಾಜು ಒಡೆಯಬಹುದು. ಗೋಡೆಯ ಗಾಜಿಗೂ ಕಲ್ಲಿಗೂ ಕೈ ಹೋಗುವಷ್ಟು ಜಾಗ ಬಿಡಿ. ನೀರು ಕಲ್ಲಿನ ಹಿಂದೆಯೂ ಓಡಬೇಕು.

ನೀರಿಗೆ ಉಪ್ಪುನೀರಿನ ಅಕ್ವೇರಿಯಂಗೆಂದೇ ಮಾಡಿದ ಸಮುದ್ರದ ಉಪ್ಪಿನ ಮಿಶ್ರಣವನ್ನೇ (ಮರೀನ್ ಸಾಲ್ಟ್) ಬಳಸಿ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪು ಅಡುಗೆಗೆ ಬಹಳ ರುಚಿ. ಆದರೆ ಉಪ್ಪು ಹರಳಾಗುವಾಗ ಮೆಗ್ನೀಸಿಯಂ ಹೆಚ್ಚಾಗಿ ನೀರಿನಲ್ಲೇ ಉಳಿದುಬಿಡುತ್ತದೆ, ಹಾಗಾಗಿ ಅದನ್ನು ಕರಗಿಸಿದರೆ ಸಮುದ್ರದ ನೀರು ಆಗುವುದಿಲ್ಲ. ಮಳೆಗಾಲದಲ್ಲಿ ಕಾಳಿ ನದಿಯ ಸಿಹಿನೀರು ಬಂದು ಸೇರುವುದರಿಂದ ಕಾರವಾರದ ದಡದ ನೀರನ್ನೂ ನಂಬುವಂತಿಲ್ಲ. ಉಪ್ಪಿನ ಪ್ರಮಾಣ ಲೀಟರಿಗೆ ಸುಮಾರು 35 ಗ್ರಾಂ ಇರಲಿ. ಬಿಸಿ 25ರಿಂದ 27 ಡಿಗ್ರಿಯೊಳಗೆ ಇದ್ದರೆ ಒಳ್ಳೆಯದು. ನಮ್ಮ ಬೇಸಿಗೆಯಲ್ಲಿ ಅದಕ್ಕೆ ಒಂದು ಫ್ಯಾನ್ ಬೇಕಾಗಬಹುದು.

ಇನ್ನು ಕಾಯುವ ಕೆಲಸ. ಮೀನು ಬೇಡ, ಒಂದು ಸಿಗಡಿಯ ಚೂರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಗೆ ಬಿಡಿ. ಅದು ಕೊಳೆತಾಗ ಬರುವ ಅಮೋನಿಯಾವೇ ಬ್ಯಾಕ್ಟೀರಿಯಾಗಳ ಊಟ. ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಹಾಕಿದರೆ ಬೇಗ ಬೆಳೆಯುತ್ತವೆ. ಗೆಳೆಯರ ಹಳೆಯ ತೊಟ್ಟಿಯಿಂದ ಒಂದು ತುಂಡು ಕಲ್ಲು ತರುವುದಾದರೆ ಬಕೆಟ್ಟಿನ ಉಪ್ಪುನೀರಿನಲ್ಲಿ ಇಟ್ಟು ಕತ್ತಲಲ್ಲಿ ಟಾರ್ಚ್ ಬಿಟ್ಟು ನೋಡಿ. ಕಂದು ಬಣ್ಣದ, ಗಾಜಿನಂಥ ಪುಟ್ಟ ಹೂವುಗಳು ಅರಳಿದಂತೆ ಕಂಡರೆ ಅದು ಐಪ್ಟೇಸಿಯಾ ಎಂಬ ಸಮುದ್ರಜೀವಿ. ಒಂದು ಸಲ ನುಗ್ಗಿದರೆ ತೊಟ್ಟಿಯನ್ನೆಲ್ಲ ಆವರಿಸಿಕೊಳ್ಳುತ್ತದೆ. ಅಂಥ ಕಲ್ಲನ್ನು ತರಲೇಬೇಡಿ.

ಟೆಸ್ಟ್ ಕಿಟ್ ಇಟ್ಟುಕೊಂಡು ಎರಡು ಮೂರು ದಿನಕ್ಕೊಮ್ಮೆ ಅಳೆಯಿರಿ. ಮೊದಲು ಅಮೋನಿಯಾ ಏರುತ್ತದೆ, ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ. ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಈ ನಡುವೆ ಕಂದು ಪಾಚಿ ಕಟ್ಟಿದರೆ ಗಾಬರಿಯಾಗಬೇಡಿ, ಅದು ಹೊಸ ತೊಟ್ಟಿಯ ಲಕ್ಷಣ, ತಾನಾಗಿ ಕಡಿಮೆಯಾಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಶೂನ್ಯಕ್ಕೆ ಬಂದು ಕೆಲವು ದಿನ ಹಾಗೆಯೇ ನಿಂತರೆ ಅರ್ಧದಷ್ಟು ನೀರು ಬದಲಿಸಿ, ಒಂದೇ ಒಂದು ಸಣ್ಣ ಕ್ಲೌನ್ ಫಿಶ್ ಬಿಡಿ. ಮಳೆಗಾಲದಲ್ಲಿ ಕರೆಂಟ್ ಹೋಗುವ ಊರಿನಲ್ಲಿದ್ದರೆ ಬ್ಯಾಟರಿಯಿಂದ ನಡೆಯುವ ಏರ್ ಪಂಪ್ ತಂದಿಡಿ. ನೀರು ನಿಂತರೆ ಮೀನಿಗಷ್ಟೇ ಅಲ್ಲ, ಕಲ್ಲಿನ ಮೇಲಿನ ಬ್ಯಾಕ್ಟೀರಿಯಾಗಳಿಗೂ ಉಸಿರು ಕಟ್ಟುತ್ತದೆ.