ವೆಲ್ಡ್ ಹೊಡೆಸದೆ ಸೈಲೆನ್ಸರ್ ಲೀಕ್ ನಿಲ್ಲಿಸಿದೆ

ಒಂದು ಮಳೆಗಾಲ ಪೂರ್ತಿ ಕಳೆಯಿತು. ನನ್ನ ಸ್ವಿಫ್ಟ್‌ನ ಸೈಲೆನ್ಸರ್ ಜಾಯಿಂಟಿನಲ್ಲಿ ಮಸಿಯ ಗೆರೆ ಕೂಡ ಕಾಣುತ್ತಿಲ್ಲ. "ನಾಲ್ಕು ವೆಲ್ಡ್ ಟ್ಯಾಕ್ ಹಾಕಿ ಕೊಡ್ತೀನಿ ಸಾರ್, ತಲೆನೋವೇ ಇರಲ್ಲ" ಅಂತ ಗ್ಯಾರೇಜಿನವರು ಹೇಳಿದ್ದರು. "ವೆಲ್ಡ್ ಹೊಡೆಸಿ ಬಿಸಾಕು ಮಾರಾಯ" ಅಂತ ಗೆಳೆಯರು ನಕ್ಕಿದ್ದರು. ನಾನು ಹೊಡೆಸಲಿಲ್ಲ.

ಗಾಡಿ ಹಳೆಯ ಪೆಟ್ರೋಲ್ ಸ್ವಿಫ್ಟ್. ಕ್ಯಾಟ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಮುಟ್ಟಿಲ್ಲ, ಅದರ ಹಿಂದಿನದಷ್ಟೇ ಬದಲಿಸಿದ್ದು. 304 ಸ್ಟೇನ್‌ಲೆಸ್ ಪೈಪು, ಮಧ್ಯೆ ಸದ್ದು ತಗ್ಗಿಸುವ ಒಂದು ರೆಸೊನೇಟರ್ ಡಬ್ಬಿ, ಕೊನೆಗೆ ಮಫ್ಲರ್. ಕೂರಿಸುವ ಕೂಲಿ ಸೇರಿ ಸುಮಾರು 18,000 ಆಯಿತು. ಊರೆಬ್ಬಿಸುವ ಸದ್ದು ನನಗೆ ಬೇಡ. ಅಂಥ ಸೈಲೆನ್ಸರ್‌ಗಳನ್ನು ಪೊಲೀಸರು ರೋಡ್ ರೋಲರ್ ಕೆಳಗೆ ಹಾಕಿಸೋದನ್ನು ನೋಡಿದ್ದೇವಲ್ಲ.

ಕೆಲವು ವಾರ ಚೆನ್ನಾಗಿತ್ತು. ಆಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟಕ್ ಟಕ್ ಟಕ್. ಬಿಸಿಯಾದರೆ ಮಾಯ. ಆಗುಂಬೆ ಘಾಟಿ ಇಳಿಯುವಾಗ ಸೆಕೆಂಡ್ ಗೇರಿನಲ್ಲಿ ಕಾಲು ತೆಗೆದರೆ ಹಿಂದೆ ಪಟಪಟ. ಮೈಲೇಜ್ ಬೀಳುತ್ತೆ ಅಂತ ಹೆದರಿಸಿದವರು ಬಹಳ. ಲೀಕ್ ಆಕ್ಸಿಜನ್ ಸೆನ್ಸರ್‌ಗಿಂತ ಮುಂದಿದ್ದರೆ ಆ ಮಾತು ಸರಿ. ನನ್ನದು ಕ್ಯಾಟ್‌ನ ಹಿಂದೆ, ಮೈಲೇಜ್‌ಗೆ ಏನೂ ಆಗಲಿಲ್ಲ. ನನಗೆ ಚಿಂತೆ ಹತ್ತಿದ್ದು ವಾಸನೆಗೆ. ನಮ್ಮ ಕಡೆ ಮಳೆಗಾಲದಲ್ಲಿ ಗ್ಲಾಸ್ ಇಳಿಸುವ ಹಾಗಿಲ್ಲ. ಕಾರ್ಬನ್ ಮಾನಾಕ್ಸೈಡ್‌ಗಂತೂ ವಾಸನೆಯೇ ಇಲ್ಲ. ಒಳಗೆ ಹೊಗೆ ವಾಸನೆ ಬಂದರೆ ಅದರ ಜೊತೆ ಅದೂ ಬಂದಿದೆ ಅಂತಲೇ ಲೆಕ್ಕ.

ಲೀಕ್ ಹುಡುಕೋದು ಕಷ್ಟವಲ್ಲ. ಇಂಜಿನ್ ತಣ್ಣಗಿರುವಾಗ ಬಾಲದ ಪೈಪಿಗೆ ಬ್ಲೋವರ್ ಕೊಟ್ಟು, ಸುತ್ತ ಬಟ್ಟೆ ತುರುಕಿ, ಜಾಯಿಂಟಿಗೆಲ್ಲ ಸೋಪಿನ ನೀರು ಹಚ್ಚಿದೆ. ಬಟ್ಟೆ ಸೋಪಿನ ನೊರೆ ಬೇಗ ಒಡೆಯುತ್ತಿತ್ತು. ಸುಮ್ನೆ ನೋಡೋಣ ಅಂತ ಅಂಟುವಾಳದ ಕಾಯಿ ನೆನೆಸಿ ಹಚ್ಚಿದೆ. ಆ ನೊರೆ ಚೆನ್ನಾಗಿ ನಿಂತಿತು. ಅತ್ತಿಗೆ ಮಾತ್ರ "ಕಾರಿಗೂ ತಲೆ ಸ್ನಾನವಾ?" ಅಂದರು. ಗುಳ್ಳೆ ಎದ್ದದ್ದು ಕ್ಯಾಟ್ ಹಿಂದಿನ ಎರಡು ಬೋಲ್ಟಿನ ಫ್ಲೇಂಜಿನಲ್ಲಿ (ಎರಡು ಪೈಪು ಸೇರಿಸುವ ಬಿಲ್ಲೆ), ಅದೂ ಮೇಲ್ಭಾಗದಲ್ಲಿ ಮಾತ್ರ. ಈ ಮೇಲ್ಭಾಗ ಅನ್ನೋದನ್ನು ನೆನಪಿಡಿ.

ಇನ್ನು ದುಡ್ಡು ಹೋದ ಕಥೆ. ಫ್ಲೇಂಜ್ ನಡುವೆ ಕೂರುವ ಹೊಸ ಪ್ಯಾಕಿಂಗ್‌ಗೆ 150ರ ಆಸುಪಾಸು, ಅದು ಒಂದು ವಾರ ಬಂತು. ಎರಡು ಪ್ಯಾಕಿಂಗ್ ಒಂದರ ಮೇಲೊಂದು ಹಾಕಿದ್ದು ತೀರ್ಥಹಳ್ಳಿ ದಾರಿಯ ಮಂಡಗದ್ದೆ ತಲುಪುವ ಮೊದಲೇ ಹಾರಿತು. ಎಕ್ಸಾಸ್ಟ್ ಪೇಸ್ಟ್ ಸುಮಾರು 400. ಅದು ಒಣಗಬೇಕು, ಸ್ವಲ್ಪ ಬಿಸಿ ತಾಗಬೇಕು, ರಾತ್ರಿಯಿಡೀ ಹಾಗೇ ಬಿಡಬೇಕು. ಆಷಾಢದಲ್ಲಿ ಅದು ಒಣಗೋದು ಯಾವಾಗ? ಗುಂಡಿಯ ನೀರು ಅರ್ಧ ತೊಳೆದು ಹಾಕಿತು. ಕೆಂಪು ಆರ್‌ಟಿವಿ ಸಿಲಿಕೋನ್ ಅನ್ನೋ ಸೀಲಿಂಗ್ ಅಂಟು 250. ಕ್ಯಾಟ್ ಹತ್ತಿರದ ಬಿಸಿ ಅದಕ್ಕೆ ತಡೆಯಲ್ಲ, ಪುಡಿಯಾಗಿ ಉದುರಿತು. ಈ ಹೊಸ ಪೈಪಿನ ಸೆಟ್ ಕೂರಿಸಿದ ಅಂಗಡಿಯವರು ಹಿಂದಿನ ಸ್ಲಿಪ್ ಜಾಯಿಂಟಿಗೆ (ಒಂದು ಪೈಪಿನೊಳಗೆ ಇನ್ನೊಂದು ಕೂರುವ ಜಾಯಿಂಟ್) ಯು-ಕ್ಲಾಂಪ್ ಬಿಗಿದು ಪೈಪನ್ನೇ ಅಮುಕಿಬಿಟ್ಟಿದ್ದರು. ಅದನ್ನು ಕಿತ್ತು ಅಗಲವಾದ ಬ್ಯಾಂಡ್ ಕ್ಲಾಂಪ್ ಹಾಕಿದ್ದಕ್ಕೆ ಇನ್ನೊಂದು 600. ಎಲ್ಲ ಸೇರಿ ಎರಡು ಸಾವಿರದ ಹತ್ತಿರ, ಟಕ್ ಟಕ್ ಮಾತ್ರ ಹಾಗೇ.

ಕೊನೆಗೆ ಪಿಟ್ ಮೇಲೆ ಗಾಡಿ ನಿಲ್ಲಿಸಿ ಎರಡೂ ಬೋಲ್ಟ್ ತೆಗೆದೆ. ಹಿಂದಿನ ಪೈಪು ತಾನಾಗಿ ಒಂದು ಬೆರಳಿನಷ್ಟು ಕೆಳಗೆ ಕೂತಿತು. ಅಲ್ಲಿಗೆ ಗುಟ್ಟು ಬಯಲಾಯಿತು. ಹೊಸ ಮಫ್ಲರ್ ಭಾರ, ಅದನ್ನು ತೂಗಿಸಿ ಹಿಡಿಯುವ ಹ್ಯಾಂಗರ್ ರಬ್ಬರ್ ಹಳೆಯದು. ಹಿಂದೆ ಜೋತುಬಿದ್ದರೆ ಮುಂದೆ ಫ್ಲೇಂಜ್ ಮೇಲ್ಗಡೆ ಬಾಯಿ ತೆರೆಯುತ್ತದೆ. ಬೋಲ್ಟುಗಳು ಪ್ಯಾಕಿಂಗ್ ಒತ್ತುವ ಬದಲು ಪೈಪು ಎತ್ತುವ ಕೆಲಸ ಮಾಡುತ್ತಿದ್ದವು. ರಸ್ತೆಯ ಪ್ರತಿ ಹಂಪ್‌ಗೂ, ಇಂಜಿನ್ನಿನ ಪ್ರತಿ ಓಲಾಟಕ್ಕೂ ಅಲ್ಲೇ ಎಳೆತ. ಯಾವ ಪ್ಯಾಕಿಂಗ್ ತಾನೇ ಉಳಿದೀತು?

ಹ್ಯಾಂಗರ್ ರಬ್ಬರ್ ಹೊಸದು ಹಾಕಿದೆ. ಆ ರಬ್ಬರಿಗೆ ಸಿಕ್ಕಿಸುವ ಮಫ್ಲರಿನ ಕಡ್ಡಿಯನ್ನು ವೈಸಿಗೆ ಕೊಟ್ಟು ಒಂದೂವರೆ ಸೆಂಟಿಮೀಟರ್ ಬಗ್ಗಿಸಿದೆ. ಬೋಲ್ಟ್ ಇಲ್ಲದೆಯೇ ಎರಡು ಫ್ಲೇಂಜ್ ಎದುರುಬದುರು ನಿಲ್ಲಬೇಕು. ಅಲ್ಲಿಯವರೆಗೆ ಪ್ಯಾಕಿಂಗ್ ಕವರ್ ಹರಿಯಬೇಡಿ.

ಫ್ಲೇಂಜ್ ಮಟ್ಟವೂ ಇರಲಿಲ್ಲ. ಪೈಪಿಗೆ ವೆಲ್ಡ್ ಮಾಡುವಾಗಲೇ ಬೋಲ್ಟ್ ಕೂರುವ ಅದರ ಕಿವಿಗಳು ಬಾಗಿದ್ದವು. ಮಾಚೇನಹಳ್ಳಿ ಕಡೆ ಲೇತ್ ಇಟ್ಟಿರುವ ಪರಿಚಯದವರಿಗೆ ತೋರಿಸಿದೆ. ಬಗ್ಗಿದ ಪೈಪಿನ ತುದಿಯಲ್ಲಿರುವ ಫ್ಲೇಂಜ್ ಲೇತಿನ ಚಕ್‌ನಲ್ಲಿ (ಹಿಡಿಕೆಯಲ್ಲಿ) ಕೂರಲ್ಲ ಅಂದರು. ಸರಿ, ದಪ್ಪ ಗಾಜಿನ ಮೇಲೆ 80ರ ಎಮರಿ ಪೇಪರ್ ಅಂಟಿಸಿ, ಸ್ಲಿಪ್ ಜಾಯಿಂಟಿನಿಂದ ಮುಂದಿನ ತುಂಡು ಬಿಡಿಸಿಕೊಂಡು ಕೈಯಲ್ಲೇ ಉಜ್ಜಿದೆ. ತೋಳು ಬಿದ್ದುಹೋಯಿತು. ಗಾಜಿನ ಮೇಲಿಟ್ಟು ಹಿಂದಿನಿಂದ ಟಾರ್ಚ್ ಬಿಟ್ಟರೆ ಬೆಳಕು ನುಸುಳಬಾರದು. ಗ್ಯಾರೇಜಿನಲ್ಲಿ ಯಾರೂ ಇಷ್ಟು ಹೊತ್ತು ಕೂರಲ್ಲ, ಬಿಡಿ.

ಜೋಡಿಸುವಾಗ ಎಲ್ಲ ಜಾಯಿಂಟ್ ಸಡಿಲ. ಗಾಡಿಯ ಭಾರ ಚಕ್ರದ ಮೇಲೇ ಇರಬೇಕು, ಜ್ಯಾಕಿನ ಮೇಲಲ್ಲ. ಪೈಪು ಅಲ್ಲಾಡಿಸಿ, ತಾನಾಗಿ ಕೂತ ಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಯುತ್ತಾ ಬಂದೆ. ಎರಡು ಬೋಲ್ಟಿಗೂ ಅರ್ಧರ್ಧ ಸುತ್ತು. ಸ್ಟೇನ್‌ಲೆಸ್ ನಟ್ಟಿಗೆ ಆಂಟಿಸೀಜ್ ಗ್ರೀಸ್ ಹಚ್ಚದಿದ್ದರೆ ಕಚ್ಚಿಕೊಂಡು ಬಿಡುತ್ತದೆ. ತೀರ್ಥಹಳ್ಳಿಗೆ ಹೋಗಿ ಬಂದು, ತಣ್ಣಗಾದ ಮೇಲೆ ಮತ್ತೆ ಬಿಗಿದೆ. ಆಗ ಕಾಲು ಸುತ್ತು ಎಳೆಯಿತು.

ವೆಲ್ಡ್ ಯಾಕೆ ಬೇಡ ಅಂದೆ? 304 ಸ್ಟೇನ್‌ಲೆಸ್ ಕಾದಾಗ ಮಾಮೂಲಿ ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಜೋತುಬಿದ್ದ ಪೈಪನ್ನು ಹಾಗೇ ವೆಲ್ಡ್ ಮಾಡಿದ್ದರೆ ಇಂದಲ್ಲ ನಾಳೆ ಪಕ್ಕದಲ್ಲಿ ಸೀಳುತ್ತಿತ್ತು. ಕೆಳಗೆ ಬೇರೆ ಕೆಲಸ ಬಂದರೆ ಗ್ರೈಂಡರ್ ಹಿಡಿದು ಕತ್ತರಿಸಬೇಕು, ಅಲ್ವಾ?

ನಡುವೆ ಒಂದು ಪ್ರಯೋಗ ಮಾಡಿದೆ. ಶಿವಮೊಗ್ಗದ ಗಾಂಧಿ ಬಜಾರಿನ ಪಾತ್ರೆ ಅಂಗಡಿಯಿಂದ ತಾಮ್ರದ ತಗಡಿನ ಚೂರು ತಂದು ಪ್ಯಾಕಿಂಗ್ ಕತ್ತರಿಸಿದೆ. ಸ್ಟೌ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಮೆತ್ತಗಾಗುತ್ತದೆ. ರೆಸೊನೇಟರ್ ಹಿಂದಿನ ಫ್ಲೇಂಜಿನಲ್ಲಿ ಈಗಲೂ ಅದೇ ಇದೆ. ಬಿಚ್ಚಿದಾಗಲೆಲ್ಲ ಮತ್ತೆ ಕಾಯಿಸಬೇಕು, ಅಷ್ಟೇ. ಮುಂದಿನದಕ್ಕೆ ಗ್ರಾಫೈಟ್ ಪ್ಯಾಕಿಂಗ್ ಹಾಕಿದ್ದೇನೆ. ಅದರ ಮೇಲೆ ಏನು ಸವರುತ್ತೇನೆ ಅನ್ನೋದು ನನ್ನಲ್ಲೇ ಇರಲಿ. ಪೇಟೆಯಲ್ಲಿ ಸಿಗುವ ಪೇಸ್ಟ್ ಅಂತೂ ಅಲ್ಲ.

ಈಗ ಉಳಿದಿದ್ದ ಝರ್ ಸದ್ದು ಬಿಸಿ ತಡೆಯುವ ತಗಡು, ಹೀಟ್ ಶೀಲ್ಡಿನದು. ಉದ್ದದ ಹೋಸ್ ಕ್ಲಾಂಪ್ ಒಂದು ಸುತ್ತಿ ಬಿಗಿದೆ, 60 ರೂಪಾಯಿ. ವೆಲ್ಡ್ ಹೊಡೆಸು ಅಂದ ಗೆಳೆಯರೊಬ್ಬರ ಗಾಡಿ ಬರುವ ವಾರ ನನ್ನ ಪಿಟ್ ಮೇಲೆ ಬರುತ್ತಿದೆ. ಎಮರಿ ಪೇಪರ್ ಅವರೇ ತರಬೇಕು, ಉಜ್ಜೋದೂ ಅವರೇ.