ಬಲೂನ್ ಕಪ್ಪೆ ಮತ್ತು ಹುತ್ತದ ಅಣಬೆ: ನಾನು ಹೋಲಿಸಿ ನೋಡಿದ ಬಗೆ

ಕಪ್ಪೆಗೂ ಅಣಬೆಗೂ ಎಂಥ ಹೋಲಿಕೆ ಅಂತ ಪಕ್ಕದ ತೋಟದವರು ನಕ್ಕಿದ್ದುಂಟು. ಎರಡೂ ಗೆದ್ದಲನ್ನು ನಂಬಿ ಬದುಕುವಂಥವು, ಅದಕ್ಕೇ ಈ ಜೋಡಿ. ತುಮಕೂರು ಕಡೆಯ ನಮ್ಮ ತೆಂಗಿನ ತೋಟದಲ್ಲಿ ಮಳೆಗಾಲದಲ್ಲಿ ಎರಡೂ ಕಾಣಿಸುತ್ತವೆ. ವೈಜ್ಞಾನಿಕ ಹೆಸರಲ್ಲಿ ಕಪ್ಪೆ ಯುಪೆರೊಡಾನ್ ಸಿಸ್ಟೋಮಾ, ಅಣಬೆ ಟರ್ಮಿಟೋಮೈಸಿಸ್ ಹೈಮಿ.

ನೋಟ್‌ಬುಕ್ಕಿನ ಎಡ ಪುಟ ಕಪ್ಪೆಗೆ, ಬಲ ಪುಟ ಅಣಬೆಗೆ. ಬಣ್ಣ, ಆಕಾರ ಬರೆಯುತ್ತಾ ಕೂತರೆ ಹೋಲಿಕೆ ಮುಂದಕ್ಕೆ ಹೋಗುವುದಿಲ್ಲ. ಹಾಗಾಗಿ ಮಣ್ಣಲ್ಲಿ ಹೇಗೆ ದಾರಿ ಮಾಡಿಕೊಳ್ಳುತ್ತೆ, ಗೆದ್ದಲಿನ ಜೊತೆ ವ್ಯವಹಾರ ಏನು ಅನ್ನುವುದನ್ನಷ್ಟೇ ನೋಡಿದೆ.

ಕಪ್ಪೆಯನ್ನು ಒದ್ದೆ ಕೈಯಲ್ಲಿ ಹಿಡಿದು, ಹಿಂಗಾಲು ನೋಡಿ, ಅಲ್ಲೇ ಬಿಡುತ್ತೇನೆ. ಪಾದದಡಿ ಸಲಿಕೆಯಂಥ ಗಟ್ಟಿ ಗಂಟಿದೆ. ಅದರಿಂದ ಮಣ್ಣು ತಳ್ಳುತ್ತಾ ಹಿಮ್ಮುಖವಾಗಿಯೇ ಕೆಳಗಿಳಿಯುತ್ತದೆ, ಮುಖ ಕೊನೆಗೆ ಮರೆಯಾಗುತ್ತದೆ. ಅಣಬೆಯದು ಉಲ್ಟಾ, ಕೆಳಗಿನಿಂದ ಮೇಲಕ್ಕೆ. ಕೊಡೆಯ ನಡುವಿನ ಚೂಪು ಮೊನೆ ಮಣ್ಣು ಸೀಳುತ್ತದೆ. ಕಿತ್ತರೆ ಕಾಂಡ ತುಂಡಾಗುತ್ತೆ. ಪಕ್ಕದಿಂದ ನಿಧಾನವಾಗಿ ಅಗೆದರೆ ಬೇರಿನಂಥ ಬಾಲ ಆಳಕ್ಕೆ ಹೋಗಿ ಗೆದ್ದಲಿನ ಗೂಡು ಮುಟ್ಟುವುದು ಕಾಣುತ್ತೆ.

ನನಗೆ ಜಾಸ್ತಿ ಇಷ್ಟವಾದದ್ದು ಗೂಡಿನೊಳಗಿನ ವ್ಯವಹಾರ. ಗೆದ್ದಲು ಜಗಿದ ಕಟ್ಟಿಗೆ, ಎಲೆಯ ಚೂರುಗಳಿಂದ ಸ್ಪಂಜಿನಂಥ ಗಡ್ಡೆ ಕಟ್ಟುತ್ತದೆ. ಅದರಲ್ಲಿ ಬೆಳೆಯುವ ಶಿಲೀಂಧ್ರ ಕಟ್ಟಿಗೆಯನ್ನು ಮೆದುಮಾಡಿ ಕೊಡುತ್ತದೆ, ಗೆದ್ದಲು ಅದನ್ನು ತಿನ್ನುತ್ತದೆ. ಮೇಲೆ ಬರುವ ಅಣಬೆ ಆ ಬೆಳೆಯ ಹೂವು, ಅಷ್ಟೇ. ಕಪ್ಪೆ ಈ ಸಾಕಣೆದಾರರನ್ನೇ ತಿನ್ನುವ ಗಿರಾಕಿ. ಅದರ ಸಣ್ಣ ಬಾಯಿಗೆ ಗೆದ್ದಲು, ಇರುವೆಯೇ ಊಟ. ಅಂದರೆ ಒಂದನ್ನು ಗೆದ್ದಲು ಸಾಕುತ್ತದೆ, ಇನ್ನೊಂದಕ್ಕೆ ತಾನೇ ತುತ್ತಾಗುತ್ತದೆ. ಚೆನ್ನಾಗಿದೆ ಅಲ್ವಾ? ಅಣಬೆಯ ವಂಶ ಗಿಡಕ್ಕಿಂತ ಪ್ರಾಣಿಗೇ ಹತ್ತಿರ ಎಂಬುದನ್ನೂ ಅಂಚಿನಲ್ಲಿ ಬರೆದಿಟ್ಟಿದ್ದೇನೆ.

ಅಣಬೆ ಗುರುತಿಸಲು ಬೀಜಾಣುವಿನ ಅಚ್ಚು ತೆಗೆಯುತ್ತೇನೆ. ಕೊಡೆಯನ್ನು ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಬೋರಲು ಹಾಕಿ, ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಡಬೇಕು. ಉದುರಿದ ಬೀಜಾಣು ಕಾಗದದ ಮೇಲೆ ಬಣ್ಣದ ಅಚ್ಚಾಗಿರುತ್ತದೆ. ಹುತ್ತದ ಅಣಬೆಯದು ತಿಳಿ ಗುಲಾಬಿ. ಹುಲ್ಲುಹಾಸಿನಲ್ಲಿ ಬರುವ ವಿಷದ ದೊಡ್ಡ ಕೊಡೆಯೊಂದಿದೆ, ಅದರದು ಹಸಿರು. ಆದರೆ ಅಚ್ಚು ಗುಲಾಬಿ ಬಂತು ಅಂತ ಸಾರಿಗೆ ಹಾಕಬೇಡಿ. ಗೊತ್ತಿರುವವರು ಕಣ್ಣಾರೆ ನೋಡಬೇಕು.

ಎರಡನ್ನೂ ನೋಡಬೇಕಿದ್ದರೆ ಹೊತ್ತು ಬೇರೆ ಬೇರೆ. ಮೊದಲ ಜೋರು ಮಳೆಯ ರಾತ್ರಿ ಟಾರ್ಚ್ ಹಿಡಿದು ನೀರು ನಿಂತ ಗುಂಡಿಗೆ ಹೋಗಿ. ಗಂಡು ಕಪ್ಪೆ ಊದಿಕೊಂಡು ತೇಲುತ್ತಾ ಕೂಗುತ್ತಿರುತ್ತದೆ. ಅಣಬೆಗೆ ಮಣ್ಣು ಚೆನ್ನಾಗಿ ನೆನೆದ ಮೇಲೆ, ಬೆಳಗಿನ ಹೊತ್ತು, ಹುತ್ತದ ಸುತ್ತ ಹುಡುಕಿ.